ಶಾಲು ಹೊದಿಸಿದ ಮೇಲೆ

ಪಕ್ಷದ ಒಳಚುನಾವಣೆಯಲ್ಲಿ ಮಸ್ಕಿಯ ಪ್ರತಿನಿಧಿ ಸ್ಥಾನಕ್ಕೆ ಮೌನೇಶ್ವರಿ ಹೆಸರು ಕೊಟ್ಟು ಬಂದಾಗ ಯಾರೂ ಆಕೆಯನ್ನು ಬೈಯಲಿಲ್ಲ. ಆಕೆಗೆ ದಿಗಿಲಾದದ್ದೇ ಅದಕ್ಕೆ. ತಮ್ಮ ತಂಗಿಯ ಮಗ ಚನ್ನುವೇ ಆಗಬೇಕೆಂದು ಪಕ್ಷದ ಮುಖಂಡ ಅಮರಗುಂಡಪ್ಪ ಸಾಹುಕಾರರು ಆಗಲೇ ಊರಿಗೆಲ್ಲ ತಿಳಿಯುವಂತೆ ಮಾಡಿದ್ದರು. ಆದರೂ ಆಕೆಯನ್ನು ಮನೆಗೆ ಕರೆಸಿ, ಚಹಾ ಕೊಡಿಸಿ, "ಮನೀ ಮಗಳಿದ್ದಂಗ ನೀ. ನಮ್ಮ ಮಾತು ಮೀರಾಕಿ ಅಲ್ಲ" ಎಂದರು.

"ನಿಮ್ಮ ಮಾತು ಮೀರತೀನೇನ್ರಿ ಸಾವ್ಕಾರ್ರ" ಎಂದು ಸೆರಗು ಹೊದ್ದು ಬಂದಿದ್ದಳು. ದೊಡ್ಡವರ ಮುಂದೆ ಇನ್ನೇನು ಹೇಳುತ್ತಾರೆ?

ಸಿಂಧನೂರಿನ ಅಕ್ಕಿ ಗಿರಣಿಯಿಂದ ಬಂದ ಗಂಡ ವಿರೇಶ ಕೇಳಿದ. "ಸಾವ್ಕಾರ ನಿಲ್ಲು ಅಂದನೋ, ಬ್ಯಾಡ ಅಂದನೋ?"

"ಎರಡೂ ಅನ್ನಲಿಲ್ಲ. ನಕ್ಕರು."

"ಅವ ನಕ್ಕದ್ದು ತುಟ್ಟಿ ಬೀಳತೈತಿ ನೋಡು."

ಆಕೆಗೆ ಬೇಕಾದದ್ದು ದೊಡ್ಡದೇನಲ್ಲ. ಪಕ್ಷದ ಪ್ರತಿ ಸಭೆಗೂ ಬಳಗಾನೂರಿನ ಹೆಣ್ಣುಮಕ್ಕಳನ್ನು ಟ್ರ್ಯಾಕ್ಟರಿಗೆ ತುಂಬಿಸಿ ಒಯ್ಯುವವಳು ಆಕೆ. ಹೋದ ಸಲ ಲಿಂಗಸುಗೂರಿನಲ್ಲಿ ಪ್ರತಿನಿಧಿಗಳಿಗಷ್ಟೇ ಕುರ್ಚಿ ಎಂದು ಗೇಟು ಹಾಕಿಬಿಟ್ಟರು. ಹೊರಗೆ ಬಿಸಿಲಿಗೆ ಬಸುರಿಯೊಬ್ಬಳು ಕುಸಿದರೂ ನೀರು ಕೇಳಲು ಮೌನೇಶ್ವರಿಯನ್ನು ಒಳಗೆ ಬಿಡಲಿಲ್ಲ. ಆ ಗೇಟಿನ ಒಳಗೆ ಕುಳಿತು ಒಂದು ಸಲ ಬಾಯಿ ತೆಗೆಯಬೇಕಿತ್ತು.

ಚುನಾವಣೆಯ ದಿನ ಸಮುದಾಯ ಭವನದಲ್ಲಿ ಎಲ್ಲರಿಗಿಂತ ಮೊದಲು ಆಕೆಯ ಹೆಸರನ್ನೇ ಕರೆದರು. ವೇದಿಕೆಗೆ ಹತ್ತಿದರೆ ಸಾಹುಕಾರರು ತಾವೇ ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ತೆಂಗಿನಕಾಯಿ ಕೊಟ್ಟರು. ಮತಕ್ಕೆ ಜನ ಕೈ ಎತ್ತುವ ಮೊದಲೇ ಗೆದ್ದೆನೇನೋ ಎಂದುಕೊಂಡಳು ಮೌನೇಶ್ವರಿ. ಹಿಂದಿನ ಸಾಲಿನಲ್ಲಿ ಬಳಗಾನೂರಿನ ಹೆಂಗಸರ ನಡುವಿದ್ದ ಗೆಳತಿ ಜೈನಾಬೀ ಜೋರಾಗಿ ಚಪ್ಪಾಳೆ ಹೊಡೆದಳು.

ಸಾಹುಕಾರರು ಮೈಕ್ ಹಿಡಿದರು. "ನಮ್ಮ ಚನ್ನುಗ ಜಾಗ ಬಿಟ್ಟುಕೊಟ್ಟು ಈ ತಾಯಿ ದೊಡ್ಡ ಮನಸ್ಸು ತೋರಿಸ್ಯಾಳ."

ಚಪ್ಪಾಳೆ ನಿಂತಿತು. ಮೌನೇಶ್ವರಿಗೆ ಕಾಯಿ ಎಲ್ಲಿಡಬೇಕೆಂದೂ ತಿಳಿಯಲಿಲ್ಲ. ಯಾವಾಗ ಬಿಟ್ಟುಕೊಟ್ಟೆ? ಚಹಾ ಕುಡಿದಾಗಲೇ? ಶಾಲಿಗೆ ಕತ್ತು ಬಗ್ಗಿಸಿದಾಗಲೇ? ತಾನೇ ಏನೋ ತಪ್ಪು ಮಾಡಿದಂತೆ ಅನಿಸಿ, ಶಾಲು ತೆಗೆದು ಪಕ್ಕದಲ್ಲಿದ್ದ ಚನ್ನುವಿನ ಹೆಗಲಿಗೆ ಹಾಕಿದಳು. ಅವನು ಅಭ್ಯಾಸಬಲದಿಂದ ಕೈ ಮುಗಿದ.

"ಹಂಗಾರ ಹಿಂದ ಸರದವರು ಯಾರ್ರಿ, ಶಾಲು ಹೊದ್ದವರೋ, ಹೊದಿಸಿದವರೋ?" ಎಂದ, ಚುನಾವಣೆ ನಡೆಸಲು ಲಿಂಗಸುಗೂರಿನಿಂದ ಬಂದಿದ್ದ ರಾಜೇಸಾಬ್. ಸಭೆ ನಕ್ಕಿತು.

ಸಾಹುಕಾರರು ನಗಲಿಲ್ಲ. "ಮಾತು ಮೀರಲ್ಲ ಅಂದಿದ್ದಿಲ್ಲೇನವ್ವ ನೀ?"

"ಅಂದಿದ್ದೆರಿ. ಆದರ ನಿಲ್ಲಬ್ಯಾಡ ಅಂತ ನೀವು ಅನ್ನಲಿಲ್ಲಲ್ರಿ. ಅಂದಿದ್ದರ... ಈಗ ಅಂತೀರೇನ್ರಿ?"

ಅದು ಸವಾಲಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಆದರೆ ಅವರು ಯಾರಿಗೂ ಬೇಡವೆಂದು ಬಾಯಿಬಿಟ್ಟು ಹೇಳಿದವರಲ್ಲ, ನಕ್ಕರೆ ಸಾಕಾಗುತ್ತಿತ್ತು. ಅಷ್ಟು ಜನರೆದುರು, ಅದೂ ಮೈಕಿನಲ್ಲಿ, ಹೇಗೆ ಹೇಳುತ್ತಾರೆ? "ಛೆ, ನಾ ಯಾಕ ಅನ್ನಲವ್ವ" ಎಂದು ಕುಳಿತುಬಿಟ್ಟರು.

ರಾಜೇಸಾಬ್ ಚನ್ನುವಿನ ಹೆಸರು ಕೂಗಿದ. ಮುಂದಿನ ಸಾಲಿನವರು ಕೈ ಎತ್ತುತ್ತ ಸಾಹುಕಾರರ ಮುಖ ನೋಡಿದರು. ಅವರು ಕನ್ನಡಕ ಒರೆಸುತ್ತಿದ್ದರು. ಬೇಕೆಂದೇ ಒರೆಸುತ್ತಿದ್ದಾರೋ, ಹಾಗೇ ಒರೆಸುತ್ತಿದ್ದಾರೋ ಯಾರಿಗೂ ಹೊಳೆಯದೆ ಕೈಗಳು ಕಿವಿಯ ಹತ್ತಿರವೇ ನಿಂತವು. ಕೆಲವರು ತಲೆ ಕೆರೆದುಕೊಂಡು ಕೈ ಇಳಿಸಿದರು.

"ಕಿವಿಮಟ ಎತ್ತಿದ್ದು ಲೆಕ್ಕಕ್ಕಿಲ್ರಿ" ಎಂದು ರಾಜೇಸಾಬ್ ಮುಂದಿನ ಹೆಸರು ಕೂಗಿದ.

ಹಿಂದೆ ಬಳಗಾನೂರಿನ ಹೆಂಗಸರ ಕೈಗಳು ಬಳೆಯ ಸದ್ದಿನೊಡನೆ ಮೇಲೆದ್ದವು. ತನಗೆ ತಾನೇ ಕೈ ಎತ್ತಬಹುದೋ ಇಲ್ಲವೋ ಎಂದು ಮೌನೇಶ್ವರಿ ಆಚೀಚೆ ನೋಡಿ, ಕಾಯಿ ಹಿಡಿದ ಕೈಯನ್ನೇ ಎತ್ತಿದಳು.

ಕೆಳಗಿಳಿದು ಜೈನಾಬೀಯನ್ನು ಕೇಳಿದಳು. "ಏನಾತಬೇ?"

"ಗೆದ್ದಿ ನೀ. ಲಿಂಗಸುಗೂರಾಗ ಇನ್ನ ಕುರ್ಚಿ ಮ್ಯಾಲ ಕುಂದರು."

ಮೌನೇಶ್ವರಿ ಹಾರ ತೆಗೆಯುತ್ತಿದ್ದವಳು ಹಾಗೇ ನಿಂತಳು. "ನಾ ಒಳಗ ಕುಂತರ ಟ್ರ್ಯಾಕ್ಟರ್ ಯಾರು ತುಂಬಸ್ತಾರಬೇ?"

ವೇದಿಕೆಯ ಮೇಲೆ ಚನ್ನು ಇನ್ನೂ ಶಾಲು ಹೊದ್ದುಕೊಂಡೇ ನಿಂತಿದ್ದ. ಜೈನಾಬೀ ಅವನತ್ತ ಗದ್ದ ಎತ್ತಿದಳು. "ಸುಮ್ನ ನಿಂತಾನಲ್ಲ, ಅವನ್ನ ಕೇಳು."