ತೊಂಬತ್ತು ಮಿಲಿಲೀಟರ್

ನಲ್ಲಿ ಬಿಡಿ ಅಂತ ಕೇಳಿದ್ದು ನಾನೇ, ನೀರಿನ ಸದ್ದು ಕಿವಿಗೆ ಬಿದ್ದರೆ ಉಚ್ಚೆ ಬರಬಹುದು ಅಂತ, ಆದರೆ ನೀರು ಸಿಂಕಿಗೆ ಸುರಿಯುತ್ತಲೇ ಇದೆ, ನನಗೆ ಒಂದು ಹನಿಯೂ ಇಲ್ಲ, ಅಂಗಿಯನ್ನು ಎದೆಯವರೆಗೆ ಎತ್ತಿಕೊಂಡು ಪ್ಲಾಸ್ಟಿಕ್ ಲೋಟ ಹಿಡಿದು ಕೂತಿದ್ದೇನೆ, ಎದುರಿಗೆ ಉದ್ದೀಪನ ಮದ್ದು ತಪಾಸಣೆಯ ಹೆಂಗಸು ಕೈಕಟ್ಟಿ ನಿಂತಿದ್ದಾಳೆ, ನೋಡಲೇಬೇಕೆಂಬ ನಿಯಮವಿದೆ, ನೋಡುವುದು ಅವಳಿಗೂ ಇಷ್ಟವಿಲ್ಲ, ಅದಕ್ಕೇ ನಡುನಡುವೆ ಮಾತಾಡಿಸುತ್ತಾಳೆ. ಅರ್ಜೆಂಟಿಲ್ಲಮ್ಮ, ನಿಧಾನಕ್ಕಾಗ್ಲಿ, ಫಸ್ಟ್ ಬಂದಿದೀಯ, ಇನ್ನೆಲ್ಲಿಗೆ ಓಡ್ಬೇಕು. ಫಸ್ಟ್ — ಹನ್ನೊಂದು ವರ್ಷ ಎಂಟುನೂರು ಮೀಟರ್ ಓಡಿದವಳಿಗೆ ಈ ಮಾತು ಇವತ್ತೇ ಮೊದಲು, ಅದೂ ಕಕ್ಕಸಿನಲ್ಲಿ, ನಗು ಬರಬೇಕಿತ್ತು. ಆರುನೂರು ಮೀಟರ್ ದಾಟುವಾಗ ನೋವು ಬರುತ್ತದೆ, ಯಾವಾಗಲೂ, ಹೇಳದೆ ಕೇಳದೆ ಬಂದಿಳಿಯುವ ಸೋದರತ್ತೆಯ ಹಾಗೆ, ಮೊದಲು ತೊಡೆಯಲ್ಲಿ ಕೂರುತ್ತದೆ, ಆಮೇಲೆ ಎದೆಗೆ ಏರುತ್ತದೆ, ಬೈದುಕೊಂಡೇ ಅದರ ಜೊತೆ ಬಾಳಿದ್ದೆ, ಇವತ್ತು ಬರಲಿಲ್ಲ, ತಿರುವಿನಲ್ಲಿ ಕಾದೆ, ಬರಲಿಲ್ಲ, ಕೊನೆಯ ನೂರರಲ್ಲಿ ಒಬ್ಬೊಬ್ಬರನ್ನೇ ದಾಟುತ್ತಿದ್ದೇನೆ, ತಲೆಯಲ್ಲಿ ಗೆಲುವಿಲ್ಲ, ಎಲ್ಲಿ ಹೋಯಿತು ಅದು, ಯಾರ ಕಾಲು ಇವು ಎನ್ನುವುದಷ್ಟೇ ಇದೆ. ಆಗಲ್ಲ ಮೇಡಂ, ಅಂದೆ. ಸರಿ, ಹೊರಗೆ ಕೂತು ನೀರು ಕುಡಿ, ತೊಂಬತ್ತು ಮಿಲಿಲೀಟರ್ ಆಗೋವರೆಗೂ ಬಿಡೋ ಹಾಗಿಲ್ಲ ನಾನು.

ಹೊರಗಿನ ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದು ಮೇಜು, ಮುಚ್ಚಳ ಒಡೆಯದ ನೀರಿನ ಬಾಟಲಿಗಳು, ಕಿಟಕಿಯಿಂದ ಮಧ್ಯಾಹ್ನದ ಬಿಸಿಲು, ನಾನು ಮೂರನೆಯ ಬಾಟಲಿ ಎತ್ತಿಕೊಳ್ಳುತ್ತೇನೆ. ಕೋಚ್ ಬೆಳಿಗ್ಗೆ ಬೂಟಿನ ಲೇಸು ಕಟ್ಟುತ್ತಿದ್ದ ನನ್ನ ಪಕ್ಕ ಬಗ್ಗಿ ಹೇಳಿದ್ದರು, ಮಾತ್ರೆ ನಿಲ್ಲಿಸಿ ನಾಲ್ಕು ದಿನ ಆಯ್ತಲ್ಲ, ಏನೂ ಸಿಗಲ್ಲ, ಫಾರಂನಲ್ಲಿ ಇಲ್ಲ ಅಂತ ಬರೆದು ಬಾ. ಎರಡು ತಿಂಗಳ ಹಿಂದೆ ಕೊಟ್ಟಾಗ ಅದು ಮೊಣಕಾಲಿಗೆ, ಡಬ್ಬಿಯ ಮೇಲೆ ಕ್ಯಾಲ್ಸಿಯಂ ಎಂದಿತ್ತು, ಒಳಗಿದ್ದ ಬಿಳಿ ಮಾತ್ರೆ ಕ್ಯಾಲ್ಸಿಯಂ ಅಲ್ಲ ಎಂದು ಮೂಗಿಗೇ ಗೊತ್ತಾಯಿತು, ಕೇಳಲಿಲ್ಲ, ಇಡೀ ಜನ್ಮದಲ್ಲಿ ನಾನು ತುಂಬ ಹುಷಾರಾಗಿ ಮಾಡಿದ ಕೆಲಸವೆಂದರೆ ಆ ಕೇಳದೇ ಇದ್ದದ್ದು. ನಿನ್ನ ಮುಂದೆ ಓಡೋರೆಲ್ಲ ಬರೀ ಹಾಲು ಕುಡಿದು ಓಡ್ತಾರೆ ಅಂದ್ಕೊಂಡಿದೀಯಾ, ಅಂದರು ಅವರು, ಆಮೇಲೆ ತಣ್ಣಗೆ, ಓಡೋದು ನೀನೇ, ಇದು ಸುಸ್ತಾಗೋಕೆ ಬಿಡಲ್ಲ ಅಷ್ಟೇ. ಒಪ್ಪಿದ್ದು ಅವರ ಮಾತಿಗಲ್ಲ. ಅಮ್ಮ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಇಸ್ತ್ರಿ ಮಾಡುತ್ತಾಳೆ, ದಿನಕ್ಕೆ ಇನ್ನೂರು ಹಾಸುಬಟ್ಟೆ, ಐದನೆಯ ಸಲ ನಾಲ್ಕನೆಯವಳಾಗಿ ಬಂದ ದಿನ ಅಲ್ಲಿಗೇ ಹೋಗಿದ್ದೆ, ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಡದೆ ಕೇಳಿದಳು, ನಾಲ್ಕನೇದು ಅಂದ್ರೆ ಅದಕ್ಕೂ ಏನಾದ್ರೂ ಕೊಡ್ತಾರಾ ಮಗಾ. ಚುಚ್ಚಲು ಕೇಳಿದ್ದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ಏನೂ ಕೊಡಲ್ಲ ಅಮ್ಮ. ಹೋಗ್ಲಿ ಬಿಡು, ಓಡಿದ್ಯಲ್ಲ. ಮರುವಾರ ಮಾತ್ರೆ ನುಂಗಿದೆ. ಈಗ ಫೋನಿನಲ್ಲಿ ಅವಳು, ನೆಗಡಿನಾ, ಗಂಟಲು ಯಾಕೆ ಹಿಂಗೆ ದಪ್ಪ ಆಗಿದೆ, ಎಂದು ಕೇಳಿದಾಗ ಹೂಂ ನೆಗಡಿ ಅನ್ನುತ್ತೇನೆ, ಎರಡು ತಿಂಗಳ ನೆಗಡಿ, ಗಲ್ಲದ ಮೇಲೆ ಬಂದ ಮೂರು ಕೂದಲನ್ನು ಚಿಮುಟದಲ್ಲಿ ಕಿತ್ತು, ಮುಟ್ಟು ನಿಂತದ್ದನ್ನು ಯಾರಿಗೂ ಹೇಳದೆ, ಕನ್ನಡಿ ಮುಂದೆ ನಾನು ನಾನೇ ಎಂದು ಎಷ್ಟು ಸಲ —

ಬಾಗಿಲು ತೆರೆಯಿತು, ಗುಬ್ಬಿ, ನಮ್ಮ ಕ್ಯಾಂಪಿನಲ್ಲೇ ಕಿರಿಯವಳು, ಹತ್ತೊಂಬತ್ತು ತುಂಬಿಲ್ಲ, ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೋ ಎಂದು ಎಲ್ಲರೂ ಛೇಡಿಸುವ ಹುಡುಗಿ, ಇವತ್ತು ನಾಲ್ಕನೆಯವಳು. ಮೊದಲ ಮೂವರು ಮುಂದಿನ ತಿಂಗಳ ದೊಡ್ಡ ಕೂಟಕ್ಕೆ, ನಾಲ್ಕನೆಯವಳು ಮನೆಗೆ. ಅಕ್ಕಾ, ಚೀಟಿ ಎತ್ತಿದ್ರಂತೆ, ನನ್ ಹೆಸರೇ ಬರ್ಬೇಕಾ, ಗೆದ್ದೋರ ಜೊತೆ ಸೋತೋಳದ್ದೂ ಒಂದಿರ್ಲಿ ಅಂತ. ನಗುತ್ತಾಳೆ, ಅತ್ತು ತೊಳೆದ ಮುಖ, ಕೂದಲಂಚಿನಲ್ಲಿ ಇನ್ನೂ ನೀರು. ಅಕ್ಕಾ, ನಿಮ್ಮನ್ನೇ ನೋಡ್ತಾ ಓಡಿದೆ, ಕೊನೇ ನೂರು ಮೀಟರ್ ಎಲ್ಲಿಂದ ತಂದ್ರಿ ಅದನ್ನ, ನಂಗೆ ಅಲ್ಲಿ ಕಣ್ಣೇ ಕತ್ತಲೆ ಬಂತು, ನಂಗೂ ಹೇಳಿಕೊಡಿ. ಹೇಳಿಕೊಡ್ತೀನಿ, ಅಂದದ್ದು ನನ್ನ ಬಾಯಿಯೇ, ದಪ್ಪ ಗಂಟಲಿನಲ್ಲಿ. ಏನು ಹೇಳಿಕೊಡಲಿ ಇವಳಿಗೆ, ಡಬ್ಬಿಯನ್ನೇ, ಇನ್ನು ನಾಲ್ಕು ವರ್ಷಕ್ಕೆ ಇವಳೂ ಯಾರದೋ ಇಸ್ತ್ರಿ ಮೇಜಿನ ಮುಂದೆ ನಿಂತು, ಏನೂ ಕೊಡಲ್ಲ ಅಂತ — ಅವಳು ಆಗಲೇ ಒಳಗೆ ಹೋಗಿ ಎರಡೇ ನಿಮಿಷಕ್ಕೆ ಹೊರಗೆ ಬಂದಳು, ಲೋಟವನ್ನು ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಗೆರೆ ದಾಟಿದೆ ಮೇಡಂ, ತೊಂಬತ್ತಲ್ಲ, ನೂರಿದೆ.

ಆಮೇಲೆ ನನಗೂ ಬಂತು, ನಲ್ಲಿಯನ್ನೂ ಬಿಡಿಸದೆ. ಎರಡು ಸೀಸೆಗೆ ಹಾಕಿದೆ, ಮುಚ್ಚಳ ತಿರುಗಿಸಿದೆ, ಕಟಕಟ ಎಂದು ಬಿಗಿಯಿತು, ಇನ್ನು ಯಾರೂ ತೆರೆಯಲಾಗದು, ಹೆಂಗಸು ಫಾರಂ ಮುಂದಿಟ್ಟಳು, ಏಳು ದಿನದಲ್ಲಿ ತೆಗೆದುಕೊಂಡ ಔಷಧಿ, ನಾನು ಇಲ್ಲ ಎಂದು ಬರೆದೆ, ಎಷ್ಟು ಸಲೀಸಾಗಿ ಬಂತು, ಕೈಗೂ ಕೋಚ್ ಕಲಿಸಿಟ್ಟಿದ್ದಾರೆ, ಏನೂ ಸಿಗಲ್ಲ, ಸಿಗದಿದ್ದರೆ ಮುಂದಿನ ತಿಂಗಳು ವಿಮಾನ, ಅಮ್ಮನಿಗೆ ಟೀವಿಯಲ್ಲಿ ನಾನು, ಪಕ್ಕದ ಕುರ್ಚಿಯಲ್ಲಿ ಗುಬ್ಬಿ ಬೂಟು ಬಿಚ್ಚಿ ಬೆರಳಿನ ಬೊಕ್ಕೆ ಮುಟ್ಟಿ ನೋಡಿಕೊಳ್ಳುತ್ತಿದ್ದಾಳೆ, ಅವಳ ನೋವು ಅವಳ ಹತ್ತಿರವೇ ಇದೆ, ಅವಳದೇ ಕಾಲು, ಅವಳದೇ ಸೋಲು, ಮತ್ತೆ ಆ ಲೋಟ, ಬಿಸಿಲು. ಹೊಡೆದುಹಾಕಿದೆ. ಇಲ್ಲ ಎಂಬುದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬರೆದೆ, ಬಿಳಿ ಮಾತ್ರೆ, ಎರಡು ತಿಂಗಳು, ಕೋಚ್ ಕೊಟ್ಟಿದ್ದು, ಹೆಸರು ನಾನು ಕೇಳಲಿಲ್ಲ. ಹೆಂಗಸು ಓದಿದಳು, ಇನ್ನೊಮ್ಮೆ ಓದಿದಳು, ಕನ್ನಡಕ ತೆಗೆದಳು. ಗೊತ್ತಿದ್ದೇ ಬರೀತಿದೀಯ ತಾನೇ. ಹೂಂ. ತಿದ್ದಿದ ಕಡೆ ಒಂದು ಸಹಿ ಬೇಕಮ್ಮ. ಹಾಕಿದೆ. ಕೋಚ್ ಏನನ್ನುತ್ತಾರೆ, ಅಮ್ಮನಿಗೆ ಯಾವ ಮಾತಿನಿಂದ ಶುರುಮಾಡಲಿ, ಎಷ್ಟು ವರ್ಷ ಓಡುವ ಹಾಗಿಲ್ಲ, ಎರಡೋ ನಾಲ್ಕೋ, ಓಡದಿದ್ದರೆ ಬೆಳಿಗ್ಗೆ ಎದ್ದು ಏನು ಮಾಡಲಿ, ಏನೊಂದೂ ಮುಂದಕ್ಕೆ ಸಾಗುತ್ತಿಲ್ಲ, ಲೋಟ, ಕಿಟಕಿಯ ಬಿಸಿಲಿಗೆ ಎತ್ತಿದ ಲೋಟ, ಅದನ್ನು ಹಿಡಿದ ಸಣ್ಣ ಕೈ, ಮುಚ್ಚಿದ ಒಂದು ಕಣ್ಣು, ಬಿಸಿಲು ಅದರೊಳಗಿಂದ ಹಾದು ಅವಳ ಕೆನ್ನೆಯ ಮೇಲೆ, ಹಳದಿ, ತಿಳಿ.