ಪೂರ್ವ ಎಲ್ಲಿ, ತೋರಿಸು

ಎದ್ದುಬಿಟ್ಟವಲ್ಲ ಮಕ್ಕಳ ಕೈಗಳು, ಒಂದೇ ಗಾಳಿಗೆ ಎದ್ದ ಹುಲ್ಲಿನ ಹಾಗೆ, ಸೂರ್ಯ ಹುಟ್ಟೋದು ಯಾವ ದಿಕ್ಕಲ್ಲಿ ಅಂತ ತಪಾಸಣೆಗೆ ಬಂದ ಅಧಿಕಾರಿ ಕೇಳಿ ಮುಗಿಸುವ ಮೊದಲೇ, ಪೂರ್ವಾ ಅಂತ ತಗಡಿನ ಮಾಡು ಹಾರಿಹೋಗುವ ಹಾಗೆ ಕೂಗಿದರಲ್ಲ, ನಿನ್ನೆ ಗುಜರಿ ಅಂಗಡಿಗಳ ಹಿಂದಿನ ಶಾಲೆಯಲ್ಲೂ ಹೀಗೇ, ಮೊನ್ನೆ ಚರಂಡಿ ಪಕ್ಕದ ಶಾಲೆಯಲ್ಲೂ ಹೀಗೇ — ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು, ಅಧಿಕಾರಿಯ ಜೊತೆ ಜೀಪಿನಲ್ಲಿ ಬಂದ ಅವಳು ಯೋಚಿಸುತ್ತಿದ್ದಾಳೆ, ಈ ಪ್ರಶ್ನೆಗೆ ಕಾಲಿದೆಯೇ, ಜೀಪಿಗಿಂತ ಮುಂಚೆ ಬಂದು ಕೂತಿರುತ್ತದಲ್ಲ, ಇರಬಹುದು, ಅಜ್ಜಿಯ ಕಥೆಗಳಲ್ಲಿ ಮಡಕೆಯೂ ನಡೆಯುತ್ತಿತ್ತು, ಅಥವಾ ಬರೀ ಫೋನು, ಶಾಲೆಯಿಂದ ಶಾಲೆಗೆ, ಇವತ್ತೂ ಪೂರ್ವನೇ ಕೇಳ್ತಾರೆ ಕಣ್ರೀ, ಬಾಯಿಪಾಠ ಮಾಡಿಸಿಬಿಡಿ — ಈ ಬಡ ಓಣಿಗಳ ಶಾಲೆಗಳೆಲ್ಲ ಈ ಅಧಿಕಾರಿಯ ಕೈಯಲ್ಲಿ, ಇವರ ಜೊತೆ ತಿರುಗಿ, ಕಂಡದ್ದು ಹೇಳಿ, ಇವರ ಕೆಲಸಕ್ಕೆ ಒತ್ತಾಸೆಯಾಗುವುದು ಅವಳ ಕೆಲಸ, ಅಧಿಕಾರಿಗೇ ಪಾಠ ಹೇಳ್ತಾಳಂತೆ, ಕಣ್ಣೆದುರು ಹಾಲು ಉಕ್ಕಿದ್ದು ಕಾಣದವಳು, ಅಂದಿದ್ದಳು ಅಮ್ಮ ಬೆಳಿಗ್ಗೆ, ಉಕ್ಕಿತ್ತು ನಿಜ, ಉಕ್ಕುವಾಗ ಎಷ್ಟು ಚೆಂದ ಅಂತ ನೋಡುತ್ತಲೇ ನಿಂತಿದ್ದಳು — ನೋಡಿದೆಯೇನಮ್ಮಾ, ಹೋದ ವರ್ಷ ಬಾಯೇ ಬಿಡ್ತಿರಲಿಲ್ಲ ಇವು, ಅಧಿಕಾರಿ ಅವಳ ಕಡೆ ತಿರುಗಿ ಬೀಗುತ್ತಿದ್ದಾರೆ, ಒಳ್ಳೆಯ ಮನುಷ್ಯ, ಆ ಖುಷಿ ಸುಳ್ಳಲ್ಲ, ಇನ್ನು ಇಲ್ಲಿಗೆ ಹೆಚ್ಚಿನ ಟೀಚರ್ ಬೇಡ ಬಿಡಿ ಹೆಡ್ಮಾಸ್ಟ್ರೇ, ಬೇರೆ ಶಾಲೆಗೆ ಕಳಿಸೋಣ — ಬಾಗಿಲ ಬಳಿ ನಿಂತಿದ್ದಾಳೆ ಆ ಟೀಚರ್, ಓದಲು ಬಾರದವರನ್ನು ಮಗ್ಗುಲಿಗೆ ಎಳೆದುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿಸುವವಳು, ಸೀಮೆಸುಣ್ಣದ ಕೈ ಉಜ್ಜಿಕೊಳ್ಳುತ್ತಾ, ಮುಖ್ಯೋಪಾಧ್ಯಾಯರು ನೆಲ ನೋಡುತ್ತಾ — ಹೇಳಲೇ, ಇದು ಬರೀ ಬಾಯಿಪಾಠ ಅಂತ, ಹೇಳಿದರೆ ಎಲ್ಲರೆದುರು ಈ ದೊಡ್ಡ ಮುಖ ಸಪ್ಪೆಯಾಗುತ್ತದೆ, ಹೇಳದಿದ್ದರೆ ಟೀಚರ್ ಹೋದಳು, ಅಜ್ಜಿಯಾಗಿದ್ದರೆ ಏನು ಮಾಡುತ್ತಿದ್ದಳು, ಕಥೆಗೆ ಹೂಂಗುಟ್ಟಬೇಕಿತ್ತಲ್ಲ, ಕಳ್ಳಿ ಇವಳು, ನಿದ್ದೆಯಲ್ಲೂ ಹೂಂ ಹೂಂ, ಆಗ ಅಜ್ಜಿ ಕಥೆ ನಿಲ್ಲಿಸಿ ಬೆರಳೆತ್ತುತ್ತಿದ್ದಳು, ಗೋಡೆಯ ಮೇಲೆ ಉದ್ದಕ್ಕೆ ಅದರ ನೆರಳು, ಎಲ್ಲಿ, ರಾಜಕುಮಾರ ಯಾವ ಕಡೆ ಹೋದ, ತೋರಿಸು ನೋಡೋಣ — ತೋರಿಸು! — ಸರ್, ಪೂರ್ವ ಎಲ್ಲಿದೆ ಅಂತ ತೋರಿಸೋಕೆ ಹೇಳಿ ಸರ್, ಅವಳದೇ ದನಿಯೇ ಇದು, ಇಷ್ಟು ಜೋರಾಗಿ ಯಾಕೆ ಬಂತು, ಅಧಿಕಾರಿ ನಗುತ್ತಾರೆ, ಅದೇನು ಮಹಾ, ತೋರಿಸ್ರೋ ಮಕ್ಕಳೇ — ಬೆರಳುಗಳು, ಒಂದು ಬಾಗಿಲಿಗೆ, ಒಂದು ಕರಿಹಲಗೆಗೆ, ಒಂದು ನೆತ್ತಿಯ ಮೇಲಿನ ತಗಡಿಗೆ, ಒಂದಿಷ್ಟು ಗೋಡೆಯ ಭೂಪಟದ ಬಲಗಡೆಗೆ, ಒಂದು ಪಕ್ಕದವನ ಬೆರಳು ನೋಡಿ ತಿರುಗಿ, ಮತ್ತೆ ತಿರುಗಿ — ಅಧಿಕಾರಿಯ ನಗು ನಿಂತಿತು, ಮುಂದಿನ ಸಾಲಿನ ಹಲ್ಲುಬಿದ್ದ ಪುಟ್ಟಿ ಕೇಳುತ್ತಾಳೆ, ನೀವೇ ತೋರಿಸಿ ಸರ್, ಎಲ್ಲಿ? — ಅಧಿಕಾರಿ ಬೆರಳೆತ್ತುತ್ತಾರೆ, ಕಿಟಕಿಯಿಲ್ಲದ ಕೋಣೆ, ಬೆರಳು ಬಾಗಿಲ ಕಡೆ ಹೊರಟು, ಅನುಮಾನಿಸಿ, ಹಿಂದಕ್ಕೆ ಬಂದು, ಅರ್ಧದಾರಿಯಲ್ಲಿ ನಿಂತಿದೆ, ನೀವು ಇಲ್ಲೇ ಇರಿ ಟೀಚರ್, ಅನ್ನುತ್ತಾರೆ ಮೆಲ್ಲಗೆ, ಬೆರಳು ಇಳಿಸುವುದನ್ನು ಮರೆತು, ಮಕ್ಕಳೆಲ್ಲ ಅದನ್ನೇ ನೋಡುತ್ತಾ, ಅವಳೂ, ಅಜ್ಜೀ, ಯಾವ ಕಡೆ ಹೋದ, ಯಾವ ಕಡೆ — ಆ ಬೆರಳು, ಎತ್ತಿದ್ದು, ಗಾಳಿಯಲ್ಲಿ, ಆ ಬೆರಳು