ನಡುಗೆರೆಯ ಆಚೆ

"ಎಡಕ್ಕೆ ತಿರುಗಿ," ಎಂದಳು ಅಟ್ರಾಕ್ಟಾ.

ಅವಳ ಗಂಡನ ಶವಪೆಟ್ಟಿಗೆ ಹೊತ್ತ ಆರು ಜನ ಬೀದಿಯ ತಿರುವಿನಲ್ಲಿ ತಡವರಿಸಿದರು. ಚರ್ಚು ಇದ್ದದ್ದು ಬಲಕ್ಕೆ. ಎಡಕ್ಕಿದ್ದದ್ದು ಫುಟ್‌ಬಾಲ್ ಮೈದಾನ.

"ಪಾದ್ರಿಗಳು ಕಾಯ್ತಿರ್ತಾರಮ್ಮ," ಎಂದ ಮುಂದೆ ಹೆಗಲು ಕೊಟ್ಟಿದ್ದ ಮ್ಯಾಲಕಿ. ಚಿಕ್ಕಂದಿನಲ್ಲಿ, ಈಗ ಪೆಟ್ಟಿಗೆಯಲ್ಲಿ ಮಲಗಿದ್ದ ಫಿಂಟನ್ ಡೆವೇನನ ಬೆನ್ನ ಹಿಂದೆ ಗೋಲು ಕಾದವನು. ಈಗ ಅದೇ ಮೈದಾನದ ಹುಲ್ಲು ನೋಡಿಕೊಳ್ಳುವವನು.

"ಕಾಯಲಿ. ನಲವತ್ತು ವರ್ಷ ಭಾನುವಾರದ ಪೂಜೆಗೆ ಇವನು ತಡವಾಗೇ ಹೋಗಿದ್ದು. ಅವರಿಗೇನು ಹೊಸದಲ್ಲ."

ಹಿಂದೆ ಯಾರೋ ನಕ್ಕರು. ಪೆಟ್ಟಿಗೆ ಎಡಕ್ಕೆ ತಿರುಗಿತು.

*

ಫಿಂಟನ್ ದೊಡ್ಡ ಆಟಗಾರನೇನಲ್ಲ. ಹದಿನೇಳಕ್ಕೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋದವನು ಎರಡನೇ ದರ್ಜೆಯ ತಂಡಗಳಲ್ಲಿ ಹದಿನಾಲ್ಕು ವರ್ಷ ಸ್ವಂತ ಗೋಲಿನ ಮುಂದೆ ಡಿಫೆಂಡರ್ ಆಗಿ ನಿಂತ. ಮೂಗು ಮೂರು ಸಲ ಮುರಿಯಿತು. ಐರ್ಲೆಂಡಿಗೆ ಮರಳಿ ಊರಿನ ತಂಡಕ್ಕೆ ಮ್ಯಾನೇಜರ್ ಆದ. ಹನ್ನೊಂದನೆಯ ವರ್ಷ ಮೈಲಿ ವಾರ್ಡ್‌ನನ್ನು ತಂಡಕ್ಕೆ ಸೇರಿಸಿಕೊಂಡ. ಮೈಲಿ ಊರಾಚೆ ಬಂಡಿಮನೆಗಳಲ್ಲಿ ಬದುಕುವ ಅಲೆಮಾರಿಗಳವನು. ಅವರನ್ನು ಊರಿನ ಹೆಂಡದಂಗಡಿಗಳೂ ಒಳಗೆ ಬಿಡುತ್ತಿರಲಿಲ್ಲ.

ಕಪ್ ಪಂದ್ಯದ ಹಿಂದಿನ ದಿನ, ಆಗಲೂ ಈಗಲೂ ಕ್ಲಬ್ಬಿನ ಅಧ್ಯಕ್ಷನಾದ ಲೋರ್ಕನ್ ಟಿಯರ್ನಿ ಬಂದ.

"ಆ ಮೈಲಿನ ಹೊರಗೆ ಕೂರಿಸು ಫಿಂಟನ್. ಜನ ಗೊಣಗ್ತಿದಾರೆ."

"ಹನ್ನೊಂದು ಹೆಸರು ಬರೆಯೋದು ನನ್ನ ಕೆಲಸ."

"ಕೆಲಸ ಉಳೀಬೇಕಲ್ಲ?"

ಫಿಂಟನ್ ಮೈಲಿಯ ಹೆಸರನ್ನು ಪಟ್ಟಿಯ ಮೇಲ್ತುದಿಯಲ್ಲಿ ಬರೆದು, ಮುಂದೆ 'ನಾಯಕ' ಎಂದು ಸೇರಿಸಿದ. ತಂಡ ಸೋತಿತು. ಸೋಮವಾರ ಕೆಲಸ ಹೋಯಿತು. ಹೊರಡುವಾಗ ಟಿಯರ್ನಿಯ ಮುಖಕ್ಕೆ ಹೇಳಿದ ಮಾತಿಗೆ, ಮೈದಾನಕ್ಕೆ ಕಾಲಿಡಬಾರದೆಂಬ ನಿಷೇಧವೂ ಬಂತು. ಕ್ಷಮೆ ಕೇಳಿ ನಾಲ್ಕು ಸಾಲು ಬರೆದಿದ್ದರೆ ಸಾಕಿತ್ತು. ಇಪ್ಪತ್ತಾರು ವರ್ಷ ಬರೆಯಲಿಲ್ಲ. ಪ್ರತಿ ಪಂದ್ಯಕ್ಕೂ ಗೋಡೆಯಾಚೆ ನಿಂತು, ಬರೀ ಗದ್ದಲ ಕೇಳಿಯೇ, "ಎಡಗಡೆ ಖಾಲಿ ಬಿಟ್ರಲ್ಲೋ ದಡ್ಡರಾ!" ಎಂದು ಬೈಯುತ್ತಿದ್ದ.

*

ಸುದ್ದಿ ಪೆಟ್ಟಿಗೆಗಿಂತ ಮೊದಲೇ ತಲುಪಿತ್ತು. ಟಿಯರ್ನಿ ಕಪ್ಪು ಕೋಟು ತೊಟ್ಟು ಗೇಟಿಗೆ ಅಡ್ಡ ನಿಂತಿದ್ದ.

"ಅಟ್ರಾಕ್ಟಾ, ನನಗೂ ದುಃಖ ಇದೆ. ಆದ್ರೆ ಹೊಸ ಹುಲ್ಲು ಹಾಕ್ಸಿದೀವಿ, ಶನಿವಾರ ಪಂದ್ಯ. ನಿಷೇಧಾನೂ ಇನ್ನೂ ಕಾಗದದ ಮೇಲಿದೆ."

"ಹಾಗಾದ್ರೆ ಅವನಿಗೆ ಇನ್ನೊಂದು ಕಾಗದ ಬರಿ. ಹೊಸ ವಿಳಾಸ ನಾನು ಕೊಡ್ತೀನಿ."

"ಮ್ಯಾಲಕಿ, ನೀನು ಬೀಗ ತೆಗೆದ್ರೆ..."

ಕೀ ಮ್ಯಾಲಕಿಯ ಜೇಬಿನಲ್ಲಿತ್ತು. ಎರಡೂ ಕೈ ಪೆಟ್ಟಿಗೆಗೆ ಅಂಟಿದ್ದವು. ಜನರ ನಡುವಿನಿಂದ ಮೈಲಿ ವಾರ್ಡ್ ಬಂದ. ತಲೆ ಅರ್ಧ ನರೆತಿತ್ತು.

"ಜರುಗಣ್ಣ, ನಾನು ಹಿಡ್ಕೋತೀನಿ."

ಹೆಗಲು ಬದಲಾಯಿತು. ಮ್ಯಾಲಕಿ ಕೀ ಹೊರತೆಗೆದ. "ಅರವತ್ತೆಂಟು ನಂಗೆ, ಲೋರ್ಕನ್. ನಾಳೆಯಿಂದ ಹುಲ್ಲು ನೀನೇ ಕತ್ತರಿಸ್ಕೋ."

ಟಿಯರ್ನಿ ಪಕ್ಕಕ್ಕೆ ಸರಿದ.

ಆರು ಜನ ಮೊದಲ ಗೋಲಿನ ಮುಂದೆ ನಿಂತು ಅಟ್ರಾಕ್ಟಾಳತ್ತ ನೋಡಿದರು. "ಇಲ್ಲೇ ಇಳಿಸೋಣವಾ? ಅವರ ಜಾಗ ಇದೇ ತಾನೆ?" ಎಂದ ಮೈಲಿ.

"ಬೇಡ. ಜೀವಮಾನವಿಡೀ ಇಲ್ಲೇ ನಿಂತು ಬೇರೆಯವರ ಪೆಟ್ಟು ತಿಂದಿದ್ದು ಸಾಕು. ಮೈದಾನದ ನಡುಗೆರೆ ದಾಟಿಸಿ. ಆ ಕಡೆ ಗೋಲಿನೊಳಗೆ ಹೋಗೋ ತನಕ ನಿಲ್ಲಬೇಡಿ."

ನಡೆದರು. ಪೆಟ್ಟಿಗೆಯ ಮೂತಿ ಬಲೆಗೆ ತಾಗಿತು. ಆಮೇಲೆ ಮ್ಯಾಲಕಿ ಚಪ್ಪಾಳೆ ತಟ್ಟಿದ, ಒಬ್ಬನೇ, ಜೋರಾಗಿ. ನಂತರ ಊರೇ ತಟ್ಟಿತು.

ಮೆರವಣಿಗೆ ಚರ್ಚಿನತ್ತ ಹೊರಟ ಮೇಲೆ ಟಿಯರ್ನಿ ಮೈದಾನದ ಅಂಚಿನಲ್ಲಿ ಉಳಿದ. ಒಂದು ಗೋಲಿನಿಂದ ಇನ್ನೊಂದಕ್ಕೆ, ಒದ್ದೆ ನೆಲದಲ್ಲಿ ಹನ್ನೆರಡು ಬೂಟುಗಳು ಆಳಕ್ಕೆ ಊರಿದ ನೇರ ದಾರಿ ಬಿದ್ದಿತ್ತು. ಅದರ ಗುಳಿಗಳಲ್ಲಿ ಆಗಲೇ ನೀರು ಜಿನುಗುತ್ತಿತ್ತು.